ಎರಡು ಚೀಟಿಯಲ್ಲೂ ಒಂದೇ ಮಾತು

ಶೈಲಾ, ಆ ದಿನ ದೈವದ ಮುಂದೆ ನಾನು ಇಟ್ಟ ಎರಡೂ ಚೀಟಿಗಳಲ್ಲಿ ‘ಬೇಡ’ ಎಂದೇ ಬರೆದಿತ್ತು. ಒಂದರಲ್ಲಿ ‘ಹೋಗಲಿ’, ಇನ್ನೊಂದರಲ್ಲಿ ‘ಬೇಡ’ ಎಂದು ನೀನು ನಂಬಿದ್ದೆ. ನಿನ್ನ ತಾಯಿಯೂ ನಂಬಿದ್ದಳು. ಬರೆದವನು ನಾನು, ಮಡಚಿದವನು ನಾನು. ಹದಿನೆಂಟು ವರ್ಷ ಇದನ್ನು ಬಾಯಿಬಿಟ್ಟು ಹೇಳದೆ ಕಳೆದವನೂ ನಾನೇ.

ನಿನ್ನ ತಂದೆ ತೀರಿಕೊಂಡ ಮೇಲೆ ನನ್ನ ತಂಗಿ ನಿನ್ನನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಆಗ ನಿನಗೆ ಆರು ವರ್ಷ. ನನಗೆ ಹೆಂಡತಿ ಮಕ್ಕಳಿಲ್ಲ. ನಮ್ಮವರಲ್ಲಿ ಸೋದರಮಾವನ ಮಾತಿಗೆ ಮೊದಲಿನಿಂದಲೂ ತೂಕ ಹೆಚ್ಚು — ಆ ತೂಕವನ್ನು ನಾನು ಹೇಗೆ ಬಳಸಿದೆ ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಹತ್ತು ಮಂದಿ ಪಾಲು ಹಾಕಿ ಕೊಂಡ ಮೀನಿನ ಬೋಟನ್ನು ನೋಡಿಕೊಳ್ಳುವುದು ನನ್ನ ಕೆಲಸ. ಶಾಲೆಗೆ ರಜೆಯಿದ್ದರೆ ಬೆಳಿಗ್ಗೆಯೇ ನೀನು ನನ್ನ ಜೊತೆ ಮೀನು ಇಳಿಸುವ ಧಕ್ಕೆಗೆ ಹೊರಡುತ್ತಿದ್ದೆ. ನಾನು ಏಲಂ ಕೂಗುವವನ ಬಾಯಿ ನೋಡುತ್ತಿದ್ದರೆ ನೀನು ಬೋಟುಗಳು ಕಡಲಿನಿಂದ ಒಳಗೆ ಬರುವ ಅಳಿವೆಯ ಕಡೆ ನೋಡುತ್ತಿದ್ದೆ.

“ಮಾಮ, ಈಗಲೇ ಕೊಟ್ಟುಬಿಡಿ. ಹಿಂದೆ ನಾಲ್ಕು ಬೋಟು ಬರ್ತಾ ಉಂಟು. ನೀರಿಗೆ ಎಷ್ಟು ತಗ್ಗಿ ಬರ್ತಾ ಉಂಟು ನೋಡಿ, ಹೊಟ್ಟೆ ತುಂಬ ಬಂಗುಡೆ.”

ಅರ್ಧ ಗಂಟೆಯಲ್ಲಿ ಬಂಗುಡೆಯ ದರ ಇಳಿಯುತ್ತಿತ್ತು. ನಮ್ಮದು ಅಷ್ಟರಲ್ಲಿ ಮಾರಿ ಆಗಿರುತ್ತಿತ್ತು. ನೀನಿಲ್ಲದ ದಿನ ನಾನು ತಪ್ಪಿದರೆ, ಮೀನು ಕೊಳ್ಳುವ ಹಮೀದ್ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ: “ಎಂತ ಮಾರಾಯ್ರೇ, ಇವತ್ತು ನಿಮ್ಮ ಬುದ್ಧಿ ಶಾಲೆಗೆ ಹೋಗಿದೆಯಾ?” ನಾನೂ ನಗುತ್ತಿದ್ದೆ. ಆದರೆ ಆ ಮಾತು ಒಳಗೆಲ್ಲೋ ಚುಚ್ಚಿ ಉಳಿಯುತ್ತಿತ್ತು.

ಕಾಲೇಜು ಮುಗಿಯುವಾಗ ನೀನು ಫಂಡ್ ಮ್ಯಾನೇಜರ್ ಆಗುತ್ತೇನೆ ಎಂದೆ. ಅದು ಎಂತದ್ದು ಎಂದು ನಾನು ಕೇಳಿದೆ.

“ನಿಮ್ಮ ಬೋಟಿನ ಹಾಗೆಯೇ ಮಾಮ. ತುಂಬ ಜನ ನಂಬಿ ಸ್ವಲ್ಪ ಸ್ವಲ್ಪ ಹಾಕ್ತಾರೆ. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು ಅಂತ ಒಬ್ಬರು ನೋಡ್ತಾರೆ. ಆ ಒಬ್ಬರು ನಾನು.”

ಅಷ್ಟು ಚೆನ್ನಾಗಿ ನನಗೆ ಇನ್ಯಾರೂ ಏನನ್ನೂ ತಿಳಿಸಿ ಹೇಳಿದ್ದಿಲ್ಲ. ನೀನು ಪರೀಕ್ಷೆ ಬರೆದೆ. ಮುಂಬಯಿಯ ಒಂದು ಕಂಪೆನಿ ನಿನ್ನನ್ನು ಆರಿಸಿತು — ಮೊದಲು ಕೆಲವು ವರ್ಷ ಕಂಪೆನಿಗಳನ್ನು ಅಭ್ಯಾಸ ಮಾಡುವ ಕೆಲಸ, ಆಮೇಲೆ ನೀನು ಬಯಸಿದ್ದು. ನಿನ್ನ ತಾಯಿ ಹೆದರಿ ಎರಡು ದಿನ ಊಟ ಬಿಟ್ಟಳು. ಆಗ ನೀನೇ ಹೇಳಿದ್ದು: “ದೈವದ ಹತ್ತಿರವೇ ಕೇಳುವ. ಚೀಟಿ ಮಾಮ ಬರೆಯಲಿ.”

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಎರಡು ಚೀಟಿ ಇಡುವುದು, ಒಂದನ್ನು ಎತ್ತುವುದು. ಎತ್ತದೆ ಉಳಿದದ್ದನ್ನು ಯಾರೂ ಬಿಡಿಸಿ ನೋಡಬಾರದು. ನೋಡಿದರೆ ದೈವದ ಮಾತನ್ನು ಪರೀಕ್ಷೆ ಮಾಡಿದ ಹಾಗೆ. ಹಾಗೆಯೇ ಸಮುದ್ರಕ್ಕೆ ಹಾಕಬೇಕು. ಹಿರಿಯರು ನಂಬಿಕೆಯಿಂದ ಮಾಡಿದ ಈ ಕಟ್ಟಳೆಯ ಮರೆಯಲ್ಲೇ ನಾನು ನಿಂತೆ.

ನೀನು ಸ್ನಾನ ಮಾಡಿ ಬಂದು, ಕಣ್ಣು ಮುಚ್ಚಿ, ಎಡಗಡೆಯದನ್ನು ಎತ್ತಿದೆ. ಓದಿದೆ. ಆಮೇಲೆ ನನ್ನ ಮುಖ ನೋಡಿ — ನನಗೆ ಬೇಸರವಾಗಿದೆ ಎಂದು ತಿಳಿದು — ನೀನೇ ನನ್ನನ್ನು ಸಮಾಧಾನ ಮಾಡಿದೆ.

“ಇರ್ಲಿ ಮಾಮ. ಬೇಡ ಅಂದ್ರೆ ಬೇಡ.”

ಉಳಿದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಾನು ಒಬ್ಬನೇ ಕಡಲಿಗೆ ಹೋದೆ. ಬೆವರಿಗೆ ಶಾಯಿ ಅಂಗೈಗೆ ಹತ್ತಿತ್ತು.

ಯಾಕೆ ಮಾಡಿದೆ? ತಂಗಿಯ ಕಣ್ಣೀರು ನೋಡಲಾರದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನೀನು ಹೋದರೆ ಧಕ್ಕೆಯಲ್ಲಿ ನಾನು ಬರೀ ಹತ್ತನೆಯ ತರಗತಿಯವನು. ಮತ್ತೆ — ಇದನ್ನು ಬರೆಯಲು ಕೈ ಬರುವುದಿಲ್ಲ — ಬೆಳಗಿನ ಆ ದಾರಿಯಲ್ಲಿ ಪಕ್ಕದಲ್ಲಿ ಮಾತಾಡುತ್ತಾ ಬರಲು ನನಗೆ ನೀನು ಬೇಕಾಗಿದ್ದೆ.

ನಿನ್ನನ್ನು ಊರಿನಲ್ಲಿ ಉಳಿಸಿಕೊಂಡೆ. ಆದರೆ ನೀನು ಮತ್ತೆ ಧಕ್ಕೆಗೆ ಬರಲಿಲ್ಲ. ಕರೆದರೆ “ಇವತ್ತು ಬೇಡ ಮಾಮ” ಎನ್ನುತ್ತಿದ್ದೆ. ಮದುವೆಯಾಗಿ ಕಾವೂರಿಗೆ ಹೋದೆ. ಇವತ್ತಿಗೂ ಬೋಟುಗಳು ಅಳಿವೆ ದಾಟುವಾಗ, ಎಷ್ಟು ತಗ್ಗಿವೆ ಎಂದು ಹೇಳುವ ಸ್ವರಕ್ಕಾಗಿ ನಾನು ತಿರುಗಿ ನೋಡುತ್ತೇನೆ.

ಕಳೆದ ತಿಂಗಳು ಹಂಪನಕಟ್ಟೆಯ ನಿನ್ನ ಆಫೀಸಿಗೆ ಬಂದಿದ್ದೆ. ಬೇರೆಯವರು ನಡೆಸುವ ಫಂಡುಗಳಿಗೆ ನೀನು ಜನರ ಫಾರಂ ತುಂಬಿಸುತ್ತಿದ್ದೆ. ಎದುರು ಕೂತಿದ್ದವರು, ಮಗ ದುಬೈಯಲ್ಲಿರುವ ಜೈನಬಕ್ಕ. ನಾನು ಬಾಗಿಲ ಬಳಿ ಇದ್ದದ್ದು ನೀವಿಬ್ಬರೂ ನೋಡಲಿಲ್ಲ.

“ಅಲ್ಲ ಶೈಲಾ, ಇದರಲ್ಲಿ ಹೆಸರು ಉಂಟಲ್ಲ, ಈ ಮ್ಯಾನೇಜರ್ — ನಿಮ್ಮ ಗುರ್ತದವರಾ?”

“ಗುರ್ತ ಎಂತದ್ದೂ ಇಲ್ಲ. ಆ ಜಾಗದಲ್ಲಿ ನನ್ನ ಹೆಸರು ಇರ್ಬೇಕಿತ್ತು ಮಾರಾಯ್ರೇ.”

“ಮತ್ತೆ ಎಂತಾಯ್ತು?”

“ನಮ್ಮ ದೈವ ಬೇಡ ಅಂತ ಹೇಳಿತು.”

“ದೈವಕ್ಕೆ ಶೇರು ಮಾರ್ಕೆಟ್ ಎಲ್ಲ ಗೊತ್ತುಂಟಾ?”

ಇಬ್ಬರೂ ನಕ್ಕಿರಿ. ನಗು ನಿಂತ ಮೇಲೂ ನಿನ್ನ ಬೆರಳು ಆ ಹೆಸರಿನ ಮೇಲೆಯೇ ಇತ್ತು. ನಾನು ಮಾತಾಡಿಸದೆ ಮೆಟ್ಟಿಲು ಇಳಿದೆ.

ಭಾನುವಾರ ಕಾವೂರಿಗೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಆ ದಿನದ ಹಾಗೆಯೇ ‘ಇರ್ಲಿ ಮಾಮ’ ಎಂದುಬಿಡುವೆಯೋ ಎಂಬ ಹೆದರಿಕೆ. ಹೊರಗೆ ಹೋಗಿ ಎಂದರೆ ಹೋಗುತ್ತೇನೆ. ಒಂದು ಮಾತ್ರ ಮಾಡು — ಇನ್ನು ಮುಂದೆ ಯಾರಾದರೂ ಎಂತಾಯ್ತು ಎಂದು ಕೇಳಿದರೆ, ದೈವದ ಹೆಸರು ಹೇಳಬೇಡ. ನನ್ನ ಹೆಸರು ಹೇಳು.