ದೋಣಿಯ ಹೊಟ್ಟೆಗೆ ಕಿವಿಯಿಡುವ ಸದ್ದಕ್ಕ

ಚಂದ್ರ ಮೇಲೇರುವಾಗ ಅದರ ಕೀಲು ಕಿರುಗುಡುವುದನ್ನು ಕೇಳಿಸಿಕೊಂಡ ಏಕೈಕ ಪತ್ರಕರ್ತ ನಾನು. ಅದೂ ಸಣ್ಣ ಮಾತೇ. ಮೀನು ಆಕಳಿಸುವುದು, ಮೋಡಕ್ಕೆ ಮೋಡ ಗುಟ್ಟು ಹೇಳುವುದು, ಭಾನುವಾರವು ಸೋಮವಾರಕ್ಕೆ ಜಾಗ ಬಿಟ್ಟುಕೊಡುವಾಗ ನಿಟ್ಟುಸಿರಿಡುವುದು, ಎಲ್ಲವೂ ಈ ಕಿವಿಗಳಿಗೆ ಮಾಮೂಲು. ಇಂಥ ಕಿವಿ ಹೊತ್ತುಕೊಂಡು ಮೊನ್ನೆ ನಸುಕಿನಲ್ಲಿ ಬಂದರಿಗೆ ಹೋದರೆ, ಅಲ್ಲೊಬ್ಬರು ನನ್ನನ್ನು ಅರೆಗಳಿಗೆಯಲ್ಲಿ ಶುದ್ಧ ಕಿವುಡನನ್ನಾಗಿ ಮಾಡಿ ಕೂರಿಸಿದರು.

“ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಉಗುಳೂ ನುಂಗಬೇಡಿ. ಗಂಟಲು ಲೊಟಕ್ ಅನ್ನುತ್ತೆ.” ಅವರು ನನಗೆ ಹೇಳಿದ ಮೊದಲ ಮಾತು ಅದು.

ನಾವು ಕುಳಿತಿರುವುದು ಕಟ್ಟೆಗೆ ಕಟ್ಟಿದ ಹಾಯಿದೋಣಿಯೊಂದರ ಹೊಟ್ಟೆಯೊಳಗೆ. ಎರಡು ಹಲಗೆ ಮಂಚ, ಒಂದು ಒಲೆ, ತಲೆಯೆತ್ತಿದರೆ ನೆತ್ತಿಗೆ ಬಡಿಯುವ ಚಾವಣಿ. ದೀಪವಿಲ್ಲ. ಆಕೆ ನೆಲದ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ಹಲಗೆಗೆ ಒತ್ತಿ, ಕಣ್ಣು ಮುಚ್ಚಿದ್ದಾರೆ. ಒಂದು ಬೆರಳು ಮಾತ್ರ ಮೇಲೆದ್ದು ನಿಂತಿದೆ. ಹೊರಗೆ ಪುಟ್ಟ ದೋಣಿಯಲ್ಲಿ ಕುಳಿತ ಅವರ ಯಜಮಾನರು ಕಾಲಿನಿಂದ ಈ ದೋಣಿಯನ್ನು ಮೆಲ್ಲಗೆ ಒದೆಯುತ್ತಿದ್ದಾರೆ. ದೋಣಿ ಓಲಾಡುತ್ತದೆ. ನನಗೆ ಕೇಳಿಸುವುದು ನನ್ನ ಎದೆಬಡಿತ ಒಂದೇ.

“ರೀ, ಇನ್ನೊಂದ್ಸಲ.” ಒದೆ. “ಇನ್ನೊಂದು.” ಒದೆ. “ಹಾಂ, ಸಾಕು.”

ಎದ್ದವರೇ ಕತ್ತಲಲ್ಲೇ ಒಲೆಯ ಪಕ್ಕದ ಸೆಳೆಖಾನೆ ಎಳೆದು, ಚಮಚವೊಂದನ್ನು ಹೊರತೆಗೆದು, ಅದು ತಾಗುತ್ತಿದ್ದ ಜಾಗಕ್ಕೆ ಕಂಬಳಿಯ ತುಂಡೊಂದನ್ನು ಅಂಟಿಸುತ್ತಾರೆ. ಮತ್ತೆ ಬೋರಲು.

“ಇಷ್ಟು ವರ್ಷದಿಂದ ಒದೀತಾ ಇದೀನಿ ಸಾರ್, ಒಂದಿನ ಸಂಬಳ ಕೊಟ್ಟಿಲ್ಲ ಇವಳು,” ಎಂದು ಯಜಮಾನರು ಹೊರಗಿನಿಂದ ದೂರುತ್ತಾರೆ.

“ಒದೆಯೋಕೆ ಬಿಟ್ಟಿದೀನಲ್ಲ, ಅದೇ ಸಂಬಳ. ಸುಮ್ನೆ ಕೂತ್ಕೊಳ್ಳಿ.”

ಯಜಮಾನರು ದೋಣಿಗಳಿಗೆ ಬಣ್ಣ ಬಳಿಯುವವರು. ಹೆಂಡತಿಗೆ ಇಡೀ ದೋಣಿಕಟ್ಟೆ ಕೊಟ್ಟಿರುವ ಹೆಸರು ಸದ್ದಕ್ಕ. ಕೆಲಸವೂ ಅದೇ: ಒಬ್ಬಂಟಿಯಾಗಿ ಭೂಮಿ ಸುತ್ತುವ ರೇಸಿಗೆ ಹೊರಡುವ ದೋಣಿಗಳ ಸದ್ದು ಹಿಡಿಯುವುದು.

ಈ ರೇಸಿನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ದೋಣಿ, ಒಬ್ಬರೇ ಮನುಷ್ಯರು. ಹಾಯಿ ಬಿಚ್ಚಿ ಹೊರಟರೆ ಭೂಮಿಯನ್ನೊಂದು ಸುತ್ತು ಹಾಕಿ, ಹೊರಟ ಜಾಗಕ್ಕೇ ಬರಬೇಕು. ನಡುವೆ ನೆಲ ಮುಟ್ಟುವಂತಿಲ್ಲ, ಯಾರ ಸಹಾಯವನ್ನೂ ಪಡೆಯುವಂತಿಲ್ಲ. ತಿಂಗಳುಗಟ್ಟಲೆ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ನಿದ್ದೆಯನ್ನಂತೂ ಚೂರುಚೂರು ಮಾಡಿ ತಿನ್ನಬೇಕು: ಸ್ವಲ್ಪ ಮಲಗು, ಅಲಾರಂ ಹೊಡೆದರೆ ಏಳು, ಮುಂದೆ ಹಡಗೋ ಹಿಮಗಡ್ಡೆಯೋ ಇದೆಯಾ ನೋಡು, ಮತ್ತೆ ಮಲಗು. ಗೆದ್ದವರ ಫೋಟೋ ನಾವು ಹಾಕುತ್ತೇವೆ. ಅವರು ಯಾವ ಸದ್ದಿಗೆ ಏಳಬೇಕು, ಯಾವ ಸದ್ದಿಗೆ ಮಗ್ಗುಲು ಬದಲಿಸಿ ಮಲಗಬೇಕು ಎಂದು ಕಲಿಸಿದವರ ಫೋಟೋ ಇದುವರೆಗೆ ಯಾವ ಪತ್ರಿಕೆಯಲ್ಲೂ ಬಂದಿಲ್ಲ.

ಸದ್ದಕ್ಕ ಮೊದಲು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದರು. “ಅಲ್ಲಿ ಎಲ್ಲಾ ಅಳುವಿಗೂ ಎದ್ದರೆ ಬೆಳಗಾಗೋಷ್ಟರಲ್ಲಿ ನಾವೇ ಹೋಗಿಬಿಡ್ತೀವಿ. ಹಸಿವಿನ ಅಳು ಬೇರೆ, ಹಟದ ಅಳು ಬೇರೆ. ಅಳದೇ ಇರೋದು ಅದಕ್ಕಿಂತ ಬೇರೆ. ಅದಕ್ಕೆ ಮಾತ್ರ ಓಡಬೇಕು,” ಎನ್ನುತ್ತಾರೆ. ವಾರ್ಡು ಮುಚ್ಚಿತು. ಕೆಲಸವಿಲ್ಲದೆ ಗಂಡನಿಗೆ ಊಟ ಕೊಡಲು ಬಂದವರು, ಬಣ್ಣ ಒಣಗುತ್ತಿದ್ದ ದೋಣಿಯೊಳಗೆ ಕುಳಿತು, “ಇದಕ್ಕೆಲ್ಲೋ ನೋವಿದೆ ಕಣ್ರೀ,” ಎಂದರಂತೆ. ಬಿಚ್ಚಿ ನೋಡಿದರೆ ಚುಕ್ಕಾಣಿಯ ಒಂದು ಬೋಲ್ಟು ಸಡಿಲ. ಅಂದಿನಿಂದ ಹಿಡಿದ ಕೆಲಸ ಇದು.

ಒಂದು ದೋಣಿಯಲ್ಲಿ ಮೂರು ಲಕ್ಷ ಸದ್ದುಗಳಿರುತ್ತವೆ ಎಂದು ಬರೆದುಕೊಂಡೆ. ಸದ್ದಕ್ಕ ಬಗ್ಗಿ ನೋಡಿ, “ಅಯ್ಯೋ, ನಲವತ್ತೋ ಐವತ್ತೋ ಇರಬಹುದು. ಅಷ್ಟಾದ್ರೂ ಸಾಕಲ್ವಾ ಹುಚ್ಚು ಹಿಡಿಯೋಕೆ?” ಎಂದರು.

ಮೊದಲು ಬೇಡದ ಸದ್ದುಗಳನ್ನು ಮೇಣ, ದಾರ, ಕಂಬಳಿ ತುಂಡು, ಚರ್ಮ ಹಾಕಿ ಅಡಗಿಸುತ್ತಾರೆ. ಬೇಕಾದವನ್ನು ಉಳಿಸಿ, ದೋಣಿಯವರ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ, ಒಂದೊಂದಾಗಿ ಮಾಡಿ ತೋರಿಸುತ್ತಾರೆ. ಇದು ಹಗ್ಗ. ಇದು ಚುಕ್ಕಾಣಿ. ಇದು ಹಾಯಿಕಂಬದೊಳಗಿನ ತಂತಿ. ತಪ್ಪು ಹೇಳಿದರೆ ಮತ್ತೆ ಮೊದಲಿನಿಂದ. “ಗೊತ್ತಿರೋ ಸದ್ದು ಎಷ್ಟು ದೊಡ್ಡದಾದ್ರೂ ಪರವಾಗಿಲ್ಲ. ನಮ್ಮನೆಯವರ ಗೊರಕೆ ಕೇಳಿದೀರಾ? ನಾನು ಹಾಯಾಗಿ ಮಲಗ್ತೀನಿ. ಗೊತ್ತಿಲ್ಲದ ಸದ್ದು ಬರಬಾರದು. ಅಲ್ಲಿ ಬೇರೆ ಯಾರೂ ಇರಲ್ಲ ನೋಡಿ, ಗೊತ್ತಿಲ್ಲದ ಸದ್ದಿಗೆ ಮನಸ್ಸು ಒಂದು ಮುಖ ಹಚ್ಚಿಬಿಡುತ್ತೆ.”

ಹಚ್ಚಿದ ಮುಖಗಳ ಕತೆಗಳು ಅವರ ಬಳಿ ಬೇಕಾದಷ್ಟಿವೆ. ಒಬ್ಬರಿಗೆ ತೀರಿಹೋದ ಅಜ್ಜಿ ಪಾತ್ರೆ ತೊಳೆಯುತ್ತಿದ್ದರಂತೆ. ಅದು ಹಗ್ಗದ ಕೊಂಡಿ. ಇನ್ನೊಬ್ಬರನ್ನು ಯಾರೋ ಚಿಕ್ಕಂದಿನ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಅದು ಕಂಬದ ತುದಿಯಲ್ಲೊಂದು ತೂತು. ಮತ್ತೊಬ್ಬರು, ಮೆಟ್ಟಿಲ ಮೇಲೆ ಒದ್ದೆ ಕಾಲಿನಲ್ಲಿ ಯಾರೋ ಇಳಿದು ಬರುತ್ತಾರೆ, ಆದರೆ ಹತ್ತುವುದೇ ಇಲ್ಲ ಎಂದಿದ್ದರು.

“ಅದೇನಿತ್ತು?” ಎಂದೆ.

“ಅದೊಂದು ಸಿಗಲಿಲ್ಲ,” ಎಂದು ಸದ್ದಕ್ಕ ಸುಮ್ಮನೆ ಮೇಣದ ಡಬ್ಬಿ ಮುಚ್ಚಿದರು. ನನ್ನ ಮೈಮೇಲಿನ ಕೂದಲು ಎಷ್ಟು ನೆಟ್ಟಗಾಯಿತೆಂದರೆ ಅಂಗಿ ಒಂದು ಮೊಳ ಮೇಲೆದ್ದಿತು.

ಈಗ ಈ ದೋಣಿಯ ಕತೆ. ಇದು ಹಲ್ಲಿನ ಡಾಕ್ಟರೊಬ್ಬರದು. ಕ್ಲಿನಿಕ್ಕಿಗೆ ಬೀಗ ಹಾಕಿ, ಹರೆಯದ ಅರ್ಧವನ್ನು ಈ ಒಂದು ಸುತ್ತಿಗೆಂದೇ ಎತ್ತಿಟ್ಟವರು. ಕಳೆದ ರೇಸಿಗೆ ಮುಂಚೆ ಅವರು, “ಅಕ್ಕಾ, ಎಡಗಡೆ ಮಂಚದ ಕೆಳಗೆ ನೀರು ಹೋಗೋ ಕೊಳವೆ ಶಿಳ್ಳೆ ಹಾಕುತ್ತೆ, ನಿದ್ದೆ ಬರಲ್ಲ,” ಎಂದರು. ಸದ್ದಕ್ಕ ಕೊಳವೆಯ ಬಾಯಿಗೆ ಚರ್ಮದ ನಾಲಗೆಯೊಂದನ್ನು ಹೊಲಿದು ಮುಚ್ಚಿದರು. ಯಜಮಾನರು ಒದ್ದರು. ಸದ್ದಿಲ್ಲ. ಡಾಕ್ಟ್ರು ಖುಷಿಯಾಗಿ ಹೊರಟರು.

ಹಿಮಗಡ್ಡೆ ತೇಲುವ ತೆಂಕಣ ಕಡಲು ಮುಟ್ಟುವಷ್ಟರಲ್ಲಿ ಅವರು ಎರಡನೆಯ ಸ್ಥಾನದಲ್ಲಿದ್ದರು. ಆಮೇಲೆ ಸ್ಯಾಟಲೈಟ್ ಫೋನಿನಲ್ಲಿ ಅವರ ಮಾತು ಬದಲಾಯಿತು. ‘ನಾನು’ ಎನ್ನುವ ಕಡೆ ‘ನಾವು’ ಎನ್ನತೊಡಗಿದರು. ಗಾಬರಿಯಾಗಿ, ರೇಸು ನಡೆಸುವ ಹಿರಿಯರೊಬ್ಬರು, ಒಂದು ಕಾಲದಲ್ಲಿ ಹಡಗುಗಳಿಗೆ ದಾರಿ ತೋರುತ್ತಿದ್ದವರು, ಸದ್ದಕ್ಕನನ್ನು ಕರೆಸಿದರು. ಅವರ ಕಚೇರಿ ಮಂಜುಗಡ್ಡೆ ಕಾರ್ಖಾನೆಯ ಮೇಲಿನ ಕೋಣೆ. ಬೇಸಿಗೆಯಲ್ಲೂ ನೆಲ ಅಂಗಾಲನ್ನು ಕಚ್ಚುತ್ತದೆ. ಆ ಕೋಣೆಯಲ್ಲಿ ನಾನೂ ಇದ್ದೆ.

“ಹುಷಾರಾಗಿದೀರಾ ಡಾಕ್ಟ್ರೇ?” ಎಂದು ಸದ್ದಕ್ಕ ಫೋನಿನಲ್ಲಿ ಕೇಳಿದರು.

“ತುಂಬಾ ಚೆನ್ನಾಗಿದೀವಿ ಅಕ್ಕ. ಇವರು ಒಳ್ಳೆಯವರು. ಮಾತಿಲ್ಲ ಕತೆಯಿಲ್ಲ. ನಾನು ಎದ್ದಿರೋವಾಗ ಎಡಗಡೆ ಮಂಚದಲ್ಲಿ ಮಲಗಿರ್ತಾರೆ. ಉಸಿರು ಕೇಳುತ್ತೆ. ನಾನು ಮಲಗಿದಾಗ ಅವರು ಎದ್ದು ಕಾವಲು ನೋಡ್ಕೋತಾರೆ.”

“ಅಲಾರಂ ಇಡ್ತಿದೀರಾ?”

“ಆಫ್ ಮಾಡಿದೀನಿ. ಅವರು ಕಾವಲಿರ್ತಾರಲ್ಲ, ಅದ್ಯಾಕೆ. ಕೇಳಿ ಬೇಕಾದ್ರೆ.”

ಫೋನನ್ನು ಆ ಮಂಚದ ಕಡೆ ಹಿಡಿದರು. ಕೋಣೆಯಲ್ಲಿ ಕೇಳಿಸಿತು: ದೀರ್ಘವಾಗಿ ಒಳಗೆ. ತಡೆದು, ದೀರ್ಘವಾಗಿ ಹೊರಗೆ. ಗಾಢ ನಿದ್ದೆಯಲ್ಲಿರುವ, ತೃಪ್ತ ಮನುಷ್ಯನೊಬ್ಬನ ಉಸಿರು.

ಸದ್ದಕ್ಕನಿಗೆ ಗುರುತು ಸಿಕ್ಕಿತು. ಅದು ಕೊಳವೆಗೆ ಅವರೇ ಹೊಲಿದ ಚರ್ಮ. ಬಂದರಿನ ನೀರು ಮಟ್ಟಸ. ಎಷ್ಟು ಒದ್ದರೂ ಸಣ್ಣ ಓಲಾಟ. ತೆಂಕಣ ಕಡಲಿನ ಅಲೆ ಗುಡ್ಡದಂತೆ ನಿಧಾನವಾಗಿ ಏರಿ ಇಳಿಯುತ್ತದೆ. ಏರಿದಾಗ ಕೊಳವೆಯ ಗಾಳಿ ಚರ್ಮವನ್ನು ಎತ್ತುತ್ತದೆ, ಇಳಿದಾಗ ಎಳೆದುಕೊಳ್ಳುತ್ತದೆ. ಶಿಳ್ಳೆ ಅಡಗಿಸಲು ಹೋಗಿ ಅವರು ಉಸಿರೊಂದನ್ನು ಹೊಲಿದು ಕಳಿಸಿದ್ದರು. ಆ ಉಸಿರನ್ನು ನಂಬಿ ಡಾಕ್ಟ್ರು ಕಣ್ತುಂಬ ನಿದ್ದೆ ಮಾಡುತ್ತಿದ್ದರು, ಹಿಮಗಡ್ಡೆಗಳ ನಡುವೆ, ಯಾರೂ ಕಾವಲಿಲ್ಲದ ದೋಣಿಯಲ್ಲಿ.

ಹೇಳಿಬಿಡೋಣವೆಂದರೆ ಹಿರಿಯರು ತುಟಿಗೆ ಬೆರಳಿಟ್ಟರು. ಫೋನಿನ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಆರೋಗ್ಯ ವಿಚಾರಿಸಬಹುದು. ದೋಣಿಯ ಬಗ್ಗೆ ಒಂದು ಮಾತು ಹೇಳಿದರೂ ಅದು ಹೊರಗಿನ ಸಹಾಯ. ಡಾಕ್ಟ್ರು ರೇಸಿನಿಂದ ಔಟ್.

ಆಗ ಸದ್ದಕ್ಕ ಮಾಡಿದ್ದನ್ನು ಕೇಳಿದರೆ ನೀವು ಎದ್ದು ನಿಲ್ಲುತ್ತೀರಿ. “ಡಾಕ್ಟ್ರೇ, ಫೋನು ಅವನ ಕಿವಿಗೆ ಹಿಡೀರಿ,” ಎಂದರು. ಹಿಡಿದರು. “ಏಯ್! ಬಿಟ್ಟಿ ಮಲಗೋಕೆ ಇದೇನು ನಿಮ್ಮಪ್ಪನ ಛತ್ರವಾ? ಕಾವಲು ಕಾಯ್ತೀನಿ ಅಂತ ಹೆಣ್ಣುಮಗಳಿಗೆ ಟೋಪಿ ಹಾಕ್ತೀಯಾ? ಇಳಿ ಕೆಳಗೆ!” ಎಂದು ಆ ಉಸಿರನ್ನು ಎಂತೆಂಥ ಬೈಗುಳಗಳಲ್ಲಿ ತೊಳೆದರೆಂದರೆ, ಕೆಳಗಿನ ಕಾರ್ಖಾನೆಯ ಮಂಜುಗಡ್ಡೆಯೆಲ್ಲ ಕರಗಿ ಬೀದಿಗೆ ಹರಿಯಿತು. ಅತ್ತ ಉಸಿರು ಗಕ್ಕನೆ ನಿಂತಿತು. ದೋಣಿಯ ಬಗ್ಗೆ ಒಂದಕ್ಷರ ಆಡಿರಲಿಲ್ಲವಾದ್ದರಿಂದ ನಿಯಮವೂ ಮುರಿಯಲಿಲ್ಲ. ಡಾಕ್ಟ್ರು ಅಲಾರಂ ಇಟ್ಟರು, ಗಾಳಿಯನ್ನೇ ಹಿಂದೆ ಹಾಕಿದರು, ಮೊದಲಿಗರಾಗಿ ಬಂದು ಗೆದ್ದರು!

ಇಷ್ಟು ಬರೆದು, ಪತ್ರಿಕೆಗೆ ಕಳಿಸುವ ಮುಂಚೆ ಸದ್ದಕ್ಕನ ಮುಂದೆ ಓದಿದೆ. ಯಜಮಾನರು ಬಣ್ಣದ ಕುಂಚ ಕೆಳಗಿಟ್ಟು, ಹೊಟ್ಟೆ ಹಿಡಿದು ನಕ್ಕರು. “ಇವಳು ಬೈದಿದ್ದಾ? ಸಾರ್, ಇವಳು ಬೈಯೋದು ನನಗೊಬ್ಬನಿಗೇ.” ಸದ್ದಕ್ಕ ನಗಲಿಲ್ಲ.

“ನೀವು ಆ ಕೋಣೇಲಿ ಇದ್ರಾ?” ಎಂದು ಕೇಳಿದರು.

ಇರಲಿಲ್ಲ. ಆ ಹೊತ್ತಿಗೆ ನಾನು ಮನೆಯಲ್ಲಿ ಮಲಗಿದ್ದೆ. ನನಗೆ ಗೊತ್ತಿರುವುದು ಸದ್ದಕ್ಕ ಹೇಳಿದ್ದು, ರೇಸಿನ ಹಿರಿಯರು ಒಂದು ಸಂಜೆ ನನಗೆ ಕೇಳಿಸಿದ ಆ ರೆಕಾರ್ಡಿನಲ್ಲಿ ಇರುವುದು, ಅಷ್ಟೇ. ಉಸಿರು, ‘ನಾವು’ ಎಂಬ ಮಾತು, ಆಫ್ ಮಾಡಿದ ಅಲಾರಂ, ತುಟಿಗಿಟ್ಟ ಬೆರಳು, ಅಲ್ಲಿಯವರೆಗಿನದು ನಿಜ. ಬೈಗುಳ, ಮಂಜುಗಡ್ಡೆ, ಗೆಲುವು, ಮೂರೂ ನನ್ನ ಕೈಚಳಕ. ಜೀವವೂ ಉಳಿಯಲಿ, ಬಹುಮಾನವೂ ಬರಲಿ ಎಂಬ ದುರಾಸೆ.

“ನಾನು ತಪ್ಪು ಮಾಡಿದ್ದು. ಅದನ್ನ ಜಾಣತನ ಅಂತ ಬರೀಬೇಡಿ,” ಎಂದರು ಸದ್ದಕ್ಕ.

ನಡೆದದ್ದು ಹೀಗೆ. ರೆಕಾರ್ಡಿನಲ್ಲಿ ಆ ಉಸಿರು ನಾಲ್ಕೈದು ಸಲ ಬಂದು ಹೋಗುತ್ತದೆ. ಆಮೇಲೆ ಸದ್ದಕ್ಕನ ದನಿ, ವಾರ್ಡಿನ ಮಕ್ಕಳಿಗೆ ಹೇಳುವಷ್ಟು ಮೆತ್ತಗೆ: “ಡಾಕ್ಟ್ರೇ, ಅಲ್ಲಿ ಯಾರೂ ಇಲ್ಲ. ಅದು ಕೊಳವೆ ಬಾಯಿಗೆ ನಾನು ಹೊಲಿದ ಚರ್ಮ. ಕತ್ತರಿಸಿಹಾಕಿ.” ಹಿಂದಿನಿಂದ ಹಿರಿಯರು “ಅಯ್ಯೋ ತಾಯಿ!” ಎನ್ನುವುದು ಕೇಳಿಸುತ್ತದೆ.

ಅತ್ತ ಕಡೆಯಿಂದ ಉಸಿರು ಮಾತ್ರ.

“ಅಕ್ಕಾ, ನಾನು ಎರಡನೇ ಸ್ಥಾನದಲ್ಲಿದ್ದೆ.”

“ಗೊತ್ತು ಕಣಮ್ಮ.”

“ಕತ್ತರಿಸದೇ ಇದ್ರೆ?”

“ಕತ್ತರಿಸಮ್ಮ. ನಾನು ಇಲ್ಲೇ ಇರ್ತೀನಿ.”

ಹಲಗೆ ಎತ್ತಿದ ಸದ್ದು. ಚಾಕುವಿನ ಸದ್ದು. ಉಸಿರು ಒಳಗೆ ಹೋಗಿ, ಹೊರಗೆ ಬರಲಿಲ್ಲ. ಅದರ ಹಿಂದೆಯೇ ಹೆಂಗಸೊಬ್ಬಳು ಅಳುವುದು. ಮನೆಯಲ್ಲಿ ಯಾರೋ ತೀರಿಕೊಂಡಾಗ ಅಳುವ ಅಳು. ಚಂದ್ರನ ಕೀಲಿನ ಮಾತು ಬಿಡಿ, ನಾನು ಈ ಕಿವಿಯಿಂದ ನಿಜವಾಗಿ ಕೇಳಿದ್ದು ಅದೊಂದೇ. ಅದಕ್ಕೆ ಬಣ್ಣ ಹಚ್ಚಲು ನನಗೆ ಧೈರ್ಯವಿಲ್ಲ.

ಹಿರಿಯರು ಅವತ್ತೇ ರೇಸಿನ ಪಟ್ಟಿಯಿಂದ ಡಾಕ್ಟ್ರ ಹೆಸರು ಅಳಿಸಿದರು. ಡಾಕ್ಟ್ರು ಅರ್ಧಕ್ಕೆ ಹಿಂದಿರುಗಲಿಲ್ಲ, ರೇಸಿನ ಹೊರಗೇ ಸುತ್ತು ಮುಗಿಸಿ ಬಂದರು. ವಾದ್ಯವಿಲ್ಲ, ಫೋಟೋ ಇಲ್ಲ. ಕಟ್ಟೆಯ ಮೇಲೆ ಇಬ್ಬರೇ: ಹಗ್ಗ ಹಿಡಿಯಲು ಸದ್ದಕ್ಕ, ಅವರ ಯಜಮಾನರು. ಡಾಕ್ಟ್ರು ಇಳಿದು, ನೆಲದ ಮೇಲೆ ಓಲಾಡುತ್ತ ನಿಂತು, ಹೇಳಿದ್ದು ಇಷ್ಟು: “ಅವತ್ತಿನವರೆಗೆ ಇಬ್ಬರಿದ್ವಿ ಅಕ್ಕ. ಅಲ್ಲಿಂದ ಒಬ್ಬಳೇ ಬಂದೆ.” ಆಮೇಲೆ ಬಹಳ ದಿನ ಮಾತು ಬಿಟ್ಟರು. ಸದ್ದಕ್ಕನಿಗೆ ಬರುತ್ತಿದ್ದ ದೋಣಿಗಳೂ ಕಡಿಮೆಯಾದವು. ರೇಸು ಕೆಡಿಸಿದ ಕೈ ಎಂದು ಕೆಲವರು ಬೇರೆ ಕಡೆ ಹೋದರು.

ಈ ಸಲ ಡಾಕ್ಟ್ರು ಮತ್ತೆ ಹೊರಟಿದ್ದಾರೆ. ದೋಣಿಯನ್ನು ತಂದು ಸದ್ದಕ್ಕನ ಮುಂದೆಯೇ ಕಟ್ಟಿದ್ದಾರೆ. ಜೊತೆಗೊಂದು ಕೋರಿಕೆ: ಆ ಚರ್ಮವನ್ನು ಮತ್ತೆ ಹೊಲಿದುಕೊಡಿ. ಏನೆಂದು ಗೊತ್ತಿದೆಯಲ್ಲ, ಈಗ ಅಪಾಯವಿಲ್ಲ. ಸುಮ್ಮನೆ, ಉಸಿರಿಗೊಂದು ಉಸಿರು.

“ಏನಂದ್ರಿ?” ಎಂದು ಮೊನ್ನೆ ಅದೇ ದೋಣಿಯಲ್ಲಿ ಕೇಳಿದೆ.

ಬೆಳಕು ಹರಿಯುತ್ತಿದೆ. ಸದ್ದಕ್ಕ ಎಡಗಡೆ ಮಂಚದ ಹಲಗೆಯನ್ನು ಅಂಗೈಯಿಂದ ಒರೆಸುತ್ತಾರೆ.

“ಆಗಲ್ಲ ಅಂದೆ. ಜೊತೆ ಬೇಕು ಅನಿಸಿದ್ರೆ ಫೋನ್ ಮಾಡಮ್ಮ, ಹುಷಾರಾಗಿದೀಯಾ ಅಂತ ಕೇಳೋಕೆ ಅಡ್ಡಿಯಿಲ್ಲ, ದಿನಾ ಕೇಳ್ತೀನಿ ಅಂದೆ. ಕೋಪ ಮಾಡ್ಕೊಂಡು ಹೋದ್ಲು. ಮಾಡ್ಕೊಳ್ಳಲಿ ಬಿಡಿ. ಕೋಪ ಮಾಡ್ಕೊಳ್ಳೋಕೆ ಅವಳು ಇದಾಳಲ್ಲ.”