ಗೀರಿಲ್ಲದ ನಳಿಗೆ

ನಮ್ಮ ದೊಡ್ಡಮ್ಮನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳಿಲ್ಲ. ಮೂವತ್ತೊಂದು ವರ್ಷ ಉಪ್ಪುಕಾಗದ ಹಿಡಿದು ಉಕ್ಕು ಉಜ್ಜಿದ ಬೆರಳು ಅದು. ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿದೆ. ಪರವಾನಗಿ ಕಚೇರಿಯಲ್ಲಿ ಯಂತ್ರದ ಗಾಜಿನ ಮೇಲೆ ಅದನ್ನು ಒತ್ತಿದಾಗ ಮೂರು ಸಲವೂ ಕೆಂಪು ದೀಪವೇ ಹತ್ತಿತಂತೆ.

"ಅಮ್ಮಾ, ಇದರ ಪ್ರಕಾರ ನೀವು ಇಲ್ಲವೇ ಇಲ್ಲ" ಅಂದನಂತೆ ಗುಮಾಸ್ತ.

"ಅಂಗಡೀಲೂ ಹಾಗೇ ಅಂದ್ಕೊಂಡಿದಾರಪ್ಪ" ಎಂದು ದೊಡ್ಡಮ್ಮ ಎಡಗೈ ಬೆರಳು ಒತ್ತಿ ಬಂದಳು.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದೊಡ್ಡಪ್ಪನ ಬಂದೂಕು ರಿಪೇರಿ ಅಂಗಡಿಗೆ ಎರಡು ಕೋಣೆ. ಮುಂದಿನ ಕೋಣೆಗೆ ಬೀದಿಯ ಬೆಳಕು, ಎತ್ತರದ ಮೇಜು, ಸಾಮಾನು ಕಚ್ಚಿ ಹಿಡಿಯಲು ಮೇಜಿನ ತುದಿಗೆ ಬಿಗಿದ ವೈಸು, ಗೋಡೆಯಲ್ಲಿ ಗಾತ್ರದ ಪ್ರಕಾರ ನೇತುಹಾಕಿದ ಸ್ಕ್ರೂಡ್ರೈವರುಗಳು. ಅಲ್ಲಿ ದೊಡ್ಡಪ್ಪ ಬಿಚ್ಚುತ್ತಿದ್ದರು, ಕೂಡಿಸುತ್ತಿದ್ದರು, ಬಂದವರ ಜೊತೆ ಹರಟುತ್ತಿದ್ದರು. ಹಿಂದಿನ ಕೋಣೆಗೆ ಅಂಗೈಯಗಲದ ಒಂದು ಗವಾಕ್ಷಿ. ಅಲ್ಲಿ ದೊಡ್ಡಮ್ಮ ನಳಿಗೆಗಳನ್ನು ಉಜ್ಜಿ, ತುಕ್ಕು ತೆಗೆದು, ಅವಕ್ಕೆ ಆ ನೀಲಿಗಪ್ಪು ಬಣ್ಣ ಏರಿಸುತ್ತಿದ್ದಳು. ಗಿರಾಕಿಗಳಾದ ಊರಿನ ರೈಫಲ್ ಕ್ಲಬ್ಬಿನವರು ಅವಳ ಮುಖ ನೋಡಿದ್ದು ಕಡಿಮೆ. ಸೆರಗಿನಿಂದ ಬರುವ ವಾಸನೆಯ ಮೇಲೆ 'ಎಣ್ಣೆಯಮ್ಮ' ಅಂತ ಹೆಸರಿಟ್ಟಿದ್ದರು, ಅಷ್ಟೆ. ಯಾರಾದರೂ "ಏನ್ ಮಿಂಚು ಯಜಮಾನ್ರೇ!" ಅಂದರೆ ದೊಡ್ಡಪ್ಪ "ಹಿಂದೆ ಉಜ್ಜಿಸ್ತೀನಿ" ಅನ್ನುತ್ತಿದ್ದರು, ಹಿಂದೆ ಒಂದು ಯಂತ್ರ ಇದ್ದ ಹಾಗೆ.

ಆಮೇಲೆ ದೊಡ್ಡಪ್ಪನ ಕೈ ನಡುಗತೊಡಗಿತು. ಮೊದಲು ಒಂದು ಸ್ಕ್ರೂ ಕೆಳಗೆ ಬಿತ್ತು. ಆಮೇಲೆ ಚಹಾದ ಲೋಟ. ಒಂದು ದಿನ ಸ್ಕ್ರೂಡ್ರೈವರ್ ಜಾರಿ ಹೊಸ ಬಂದೂಕಿನ ಮರದ ಹಿಡಿಯ ಮೇಲೆ ಉದ್ದಕ್ಕೆ ಗೆರೆ ಎಳೆಯಿತು. ಅಂದು ಅವರು ಹೊತ್ತಿಗೆ ಮುಂಚೆ ಬಾಗಿಲು ಹಾಕಿದರು. ಡಾಕ್ಟರು ಕೈ ಸರಿಹೋಗುವ ಮಾತೇ ಆಡಲಿಲ್ಲ. ಪರವಾನಗಿ ದೊಡ್ಡಪ್ಪನ ಹೆಸರಲ್ಲಿತ್ತು. ಕಚೇರಿಯಿಂದ ಪತ್ರ ಬಂತು: ತಿಂಗಳ ಕೊನೆಯೊಳಗೆ ಬೇರೆ ಯಾರಾದರೂ ಪರೀಕ್ಷೆ ಕೊಟ್ಟು ಪರವಾನಗಿ ಪಡೆಯದಿದ್ದರೆ ಅಂಗಡಿ ಮುಚ್ಚಬೇಕು.

ದೊಡ್ಡಮ್ಮ ಪತ್ರವನ್ನು ಎರಡು ಸಲ ಓದಿದಳು. "ನಾನು ಕೊಡ್ತೀನಿ" ಅಂದಳು.

"ಏನು ಕೊಡ್ತೀಯೇ?"

"ಪರೀಕ್ಷೆ."

ದೊಡ್ಡಪ್ಪ ನಕ್ಕರು. ಆಮೇಲೆ ಅವಳು ನಗುತ್ತಿಲ್ಲ ಅಂತ ಗೊತ್ತಾಯಿತು. "ಉಜ್ಜೋದು ಬೇರೆ, ಬಿಚ್ಚೋದು ಬೇರೆ ಕಣೇ" ಅಂದರು.

"ಹಿತ್ತಲ ಗಿಡ ಮದ್ದಲ್ಲ, ಗೊತ್ತು ಬಿಡಿ" ಎಂದು ದೊಡ್ಡಮ್ಮ ಕೈ ತೊಳೆಯಲು ಹೋದಳು.

ಪರೀಕ್ಷಕರು ಕ್ಲಬ್ಬಿನ ಹಿರಿಯರೊಬ್ಬರು. ಕೊರಳಲ್ಲಿ ದಾರ ಕಟ್ಟಿ ಒಂದು ದಪ್ಪ ಮಸೂರ ನೇತುಹಾಕಿಕೊಂಡು ತಿರುಗುತ್ತಿದ್ದುದರಿಂದ ಊರೆಲ್ಲ ಅವರನ್ನು 'ಭೂತಗನ್ನಡಿ' ಅನ್ನುತ್ತಿತ್ತು. ಅನ್ನ ತಿನ್ನುವ ಮುಂಚೆ ಅಗುಳನ್ನೂ ಅದರಲ್ಲಿ ನೋಡುತ್ತಾರೆ ಅಂತ ದೊಡ್ಡಪ್ಪನ ಹಾಸ್ಯ. ಪರೀಕ್ಷೆಯ ದಿನ ಮಧ್ಯಾಹ್ನ ಅವರು ಕ್ಯಾನ್ವಾಸ್ ಚೀಲದಲ್ಲಿ ಕ್ಲಬ್ಬಿನ ಒಂದು ಹಳೆಯ ರೈಫಲ್ ತಂದು ಮೇಜಿನ ಮೇಲಿಟ್ಟರು. ಕಾಲೇಜು ಮುಗಿಸಿ ಬಂದ ನಾನು ಕಿಟಕಿಯ ಪಕ್ಕ ಕೂತಿದ್ದೆ.

"ಇದರ ಮುಂದಿನ ಸೈಟು ಬಾಗಿದೆ. ತೆಗೀಬೇಕು. ಎರಡು ಗಂಟೆ ಹೊತ್ತು. ನಳಿಗೆ ಮೇಲೆ ಹೊಸದಾಗಿ ಒಂದೇ ಒಂದು ಗೀರು ಕಂಡ್ರೂ ಸಹಿ ಇಲ್ಲ" ಅಂದರು. ದೊಡ್ಡಪ್ಪನ ಕಡೆ ತಿರುಗಿ, "ಯಜಮಾನ್ರೇ, ನೀವು ಕೂತಿರಬಹುದು. ಮುಟ್ಟೋ ಹಾಗಿಲ್ಲ."

"ಮಾತಾಡಬಹುದಾ?"

"ಅದನ್ನ ತಡೆಯೋಕೆ ನಮ್ಮಿಂದ ಆಗುತ್ತಾ?"

ಸೈಟು ಅಂದರೆ ನಳಿಗೆಯ ತುದಿಯಲ್ಲಿ ನಿಂತಿರುವ, ಉಗುರಿನಷ್ಟು ಎತ್ತರದ ಉಕ್ಕಿನ ಮೊನೆ. ಗುರಿ ಹಿಡಿಯುವವರ ಕಣ್ಣು ಅದರ ಮೇಲೆಯೇ ಹಾದುಹೋಗಬೇಕು. ಅದರ ಬುಡ ನಳಿಗೆಯ ಅಡ್ಡಕ್ಕೆ ಕೊರೆದ ಒಂದು ಕಚ್ಚಿನಲ್ಲಿ ಕೂತಿರುತ್ತದೆ. ಕಚ್ಚಿನ ಬಾಯಿ ಕಿರಿದು, ತಳ ಅಗಲ, ಹಕ್ಕಿಯ ಬಾಲ ಬಿಚ್ಚಿದ ಹಾಗೆ. ಹಾಗಾಗಿ ಮೇಲಕ್ಕೆ ಎಳೆದರೆ ಅದು ಜಪ್ಪಯ್ಯ ಅಂದರೂ ಬರುವುದಿಲ್ಲ. ಪಕ್ಕಕ್ಕೆ ಬಡಿದು ಜಾರಿಸಬೇಕು. ಬಲಗಡೆಯಿಂದ ಒಳಗೆ ಹಾಕುವುದು, ತೆಗೆಯುವಾಗ ಎಡಗಡೆಯಿಂದ ಹೊಡೆದು ಬಲಕ್ಕೆ ಹೊರಡಿಸುವುದು ಈ ಕಸುಬಿನ ನಿಯಮ. ಈ ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠ ಮಗ್ಗಿಯಲ್ಲ, ಅದು.

ದೊಡ್ಡಮ್ಮ ಮೊದಲು ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ತೆಗೆದು, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿ ನೋಡಿದಳು. "ಖಾಲಿ ಇದೆ ಸಾರ್" ಅಂದಳು. ಕಚ್ಚಿನ ಎರಡೂ ಬದಿಗೆ ತೆಳು ಎಣ್ಣೆಯ ಒಂದೊಂದು ಹನಿ ಬಿಟ್ಟಳು. ಅದು ಒಳಗೆ ಇಳಿಯಲಿ ಎಂದು ಅರ್ಧ ಗಂಟೆ ಸುಮ್ಮನೆ ಕೂತಳು.

"ಹೊತ್ತು ಹೋಗ್ತಿದೆ" ಅಂದರು ದೊಡ್ಡಪ್ಪ.

"ಎಣ್ಣೆ ಹೋಗ್ತಿದೆ" ಅಂದಳು ದೊಡ್ಡಮ್ಮ.

ಎಣ್ಣೆ ಒರೆಸುವಾಗ ಅವಳ ಹೆಬ್ಬೆರಳು ಸೈಟಿನ ಎಡಗಡೆ ಒಂದು ಕಡೆ ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲೇ ಬಂದು ನಿಂತಿತು.

ನಳಿಗೆಯನ್ನು ಯಾವಾಗಲೂ ಉದ್ದಕ್ಕೆ ಉಜ್ಜುತ್ತಾರೆ. ಅಲ್ಲಿ ಅಂಗುಲದಷ್ಟು ಜಾಗದಲ್ಲಿ ಉಜ್ಜಿದ್ದು ಅಡ್ಡಕ್ಕಿತ್ತು. ಯಾರ ಕಣ್ಣಿಗೂ ಕಾಣದಷ್ಟು ಸಣ್ಣ ವ್ಯತ್ಯಾಸ. ಆದರೆ ತಾನು ಹಾಕಿದ ಹೊಲಿಗೆಯನ್ನು ಹೊಲಿದವಳು ಮರೆಯುತ್ತಾಳೆಯೇ? ಅದು ಅವಳದೇ ಕೈ.

ಹತ್ತೊಂಬತ್ತು ವರ್ಷಗಳ ಹಿಂದೆ, ಯಾವುದೋ ಪಂದ್ಯದ ಹಿಂದಿನ ದಿನ, ದೊಡ್ಡಪ್ಪ ಅವಸರದಲ್ಲಿ ಈ ಸೈಟಿನ ಬುಡಕ್ಕೆ ತಪ್ಪು ಬದಿಯಲ್ಲಿ ಅರ ಹಾಕಿ ಸವೆಸಿಬಿಟ್ಟಿದ್ದರು. ಬಲಗಡೆಯಿಂದ ಅದು ಬಿಗಿಯಾಗಿ ಕೂರದಾಗ ಎಡಗಡೆಯಿಂದ ತುರುಕಿದ್ದರು. ಬಡಿಯುವಾಗ ಸುತ್ತಿಗೆಗೂ ಸೈಟಿಗೂ ನಡುವೆ ಹಿಡಿದ ಕಡ್ಡಿ ಜಾರಿ ಉದ್ದಕ್ಕೆ ಗೀರು ಬಿದ್ದಿತ್ತು. "ಸ್ವಲ್ಪ ಉಜ್ಜು" ಅಂತ ತಂದು ಅವಳ ಮುಂದೆ ಇಟ್ಟಿದ್ದರು. ಅವಳು "ಎಡಗಡೆಯಿಂದ ಹಾಕಿದ್ರಾ?" ಎಂದು ಕೇಳಿದ್ದಕ್ಕೆ "ಬಿಡೇ, ಯಾರು ನೋಡ್ತಾರೆ" ಅಂದು ಹೊರಟುಹೋಗಿದ್ದರು.

ನೆನಪನ್ನು ನಂಬಿ ಸುತ್ತಿಗೆ ಎತ್ತುವವಳಲ್ಲ ಅವಳು. ವರ್ನಿಯರ್ ತೆಗೆದು ಸೈಟಿನ ಬುಡವನ್ನು ಎರಡೂ ಕಡೆ ಅಳೆದಳು. ಎಡಗಡೆ ಒಂದು ಕೂದಲೆಳೆ ಅಗಲ ಜಾಸ್ತಿ. ನಿಯಮದಂತೆ ಎಡದಿಂದ ಹೊಡೆದರೆ ದಪ್ಪ ತುದಿ ಇನ್ನೂ ಒಳಗೆ ಬೆಣೆಯಂತೆ ಬಿಗಿಯುತ್ತದೆ, ಕಚ್ಚಿನ ಅಂಚು ಕಿತ್ತುಬರುತ್ತದೆ. ಅಲ್ಲಿಗೆ ನಳಿಗೆಯೂ ಹೋಯಿತು, ಅಂಗಡಿಯೂ ಹೋಯಿತು.

ಅವಳು ವೈಸಿನ ಬಾಯಿಗೆ ದಪ್ಪ ತೊಗಲು, ಅದರೊಳಗೆ ಮೆದು ಮರದ ತುಂಡುಗಳನ್ನು ಇಟ್ಟು, ನಳಿಗೆಯನ್ನು ಸೈಟಿನ ಬುಡಕ್ಕೆ ಸಮೀಪವೇ ಹಿಡಿಸಿದಳು. ದೂರ ಹಿಡಿದರೆ ಏಟಿಗೆ ಅದು ಅದುರುತ್ತದೆ. ಗೀರು ಬೀಳದಂತೆ ನಳಿಗೆಗೆ ಟೇಪು ಸುತ್ತಿದಳು. ಸೈಟಿನಿಂದ ನಳಿಗೆಗೆ ಸೇರುವಂತೆ ಚೂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಳು: ಸೈಟು ಕದಲಿದರೆ ಗೆರೆ ಮುರಿಯುತ್ತದೆ. ಹಿತ್ತಾಳೆಯ ಕಡ್ಡಿ ತೆಗೆದು ಅದರ ತುದಿ ಚೌಕವಾಗಿದೆಯೇ ಎಂದು ಬೆರಳಲ್ಲಿ ನೋಡಿದಳು. ಆಮೇಲೆ ಮೇಜು ಸುತ್ತಿ ಬಂದು ರೈಫಲ್ಲಿನ ಬಲಗಡೆ ನಿಂತಳು.

"ಏ, ಉಲ್ಟಾ ನಿಂತಿದೀಯ!" ದೊಡ್ಡಪ್ಪ ಸ್ಟೂಲಿನಿಂದ ಅರ್ಧ ಎದ್ದರು. "ಎಡದಿಂದ ಕಣೇ, ಎಡದಿಂದ! ಕುಣಿಯಲಾರದವಳಿಗೆ ನೆಲ ಡೊಂಕಂತೆ, ನಿನಗೆ ವೈಸೇ ಡೊಂಕಾಯ್ತಾ?"

ಪರೀಕ್ಷಕರ ಪೆನ್ನು ಕಾಗದದ ಮೇಲೆ ಓಡಿತು. "ಅಮ್ಮಾ, ನಿಯಮ ಗೊತ್ತಲ್ವಾ?"

"ಗೊತ್ತು ಸಾರ್."

"ಮತ್ತೆ?"

"ಇದಕ್ಕೆ ಈ ಕಡೆಯಿಂದ."

"ಯಾಕೆ?"

ದೊಡ್ಡಮ್ಮ ಒಂದು ಸಲ ದೊಡ್ಡಪ್ಪನನ್ನು ನೋಡಿದಳು. ಅವರು ಬಲಗೈಯನ್ನು ಎಡಗೈಯಿಂದ ಒತ್ತಿ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಕೈ ಹೋಗಿತ್ತು, ಉಳಿದಿದ್ದು ಹೆಸರೊಂದೇ.

"ಕೈಗೆ ಹಾಗನ್ಸ್ತು ಸಾರ್."

"ಕೈಗೆ ಅನ್ಸಿದ್ದನ್ನ ಬರೆಯೋಕೆ ಈ ಕಾಗದದಲ್ಲಿ ಜಾಗ ಇಲ್ಲಮ್ಮ."

ಅವಳು ಕಡ್ಡಿಯನ್ನು ಸೈಟಿನ ಬುಡಕ್ಕೆ, ಆದಷ್ಟು ಕೆಳಗೆ ಒತ್ತಿ ಹಿಡಿದಳು. ಮೊದಲ ಏಟು. ಮಂಕು ಸದ್ದು. ಗೆರೆ ಹಾಗೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಟಕಟಕ ಅಂತ ಸಣ್ಣ ಏಟು ಹಾಕುತ್ತ ಹೋಗುತ್ತಿದ್ದರು. ಅವಳು ಸುತ್ತಿಗೆಯನ್ನೇ ಕೆಳಗಿಟ್ಟು, ಗೋಡೆಯಿಂದ ಅದರ ಎರಡು ಪಟ್ಟು ತೂಕದ್ದನ್ನು ತೆಗೆದಳು.

"ಅಯ್ಯೋ, ಇವಳು ಬಂದೂಕು ಒಡೀತಾಳೋ ಮನೆ ಒಡೀತಾಳೋ" ಅಂದರು ದೊಡ್ಡಪ್ಪ.

"ಬಾಗಿಲನ್ನ ಮೆಲ್ಲಗೆ ನೂರು ಸಲ ತಟ್ಟಿದ್ರೆ ತಟ್ಟಿದವರ ಕೈ ಊದುತ್ತೆ, ಅಷ್ಟೆ" ಅಂದಳು ದೊಡ್ಡಮ್ಮ. "ಉಕ್ಕೂ ಹಾಗೇ. ಚಿಲ್ಲರೆ ಏಟಿಗೆ ತಲೆ ಚಪ್ಪಟೆ ಆಗುತ್ತೆ, ಜಾಗ ಬಿಡಲ್ಲ."

ಎರಡನೇ ಏಟು ಒಂದೇ, ನೆಟ್ಟಗೆ. ಸದ್ದು ಬದಲಾಯಿತು. ಗೋಡೆಯ ಸ್ಕ್ರೂಡ್ರೈವರುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಪೆನ್ಸಿಲಿನ ಗೆರೆ ಮುರಿದಿತ್ತು, ಕೂದಲಿನಷ್ಟು. ಮೂರನೇ ಏಟಿಗೆ ಸೈಟು ಎಡಗಡೆ ಮೂಗು ಚಾಚಿತು. ನಾಲ್ಕನೆಯದಕ್ಕೆ ಅವಳು ಸುತ್ತಿಗೆ ಬಿಟ್ಟು ಬೆರಳಿಂದಲೇ ತಳ್ಳಿದಳು. ಅದು ಹಣ್ಣು ಕಳಚಿದ ಹಾಗೆ ಕಳಚಿ ಅವಳ ಅಂಗೈಗೆ ಬಿತ್ತು.

ಪರೀಕ್ಷಕರು ಟೇಪು ಬಿಚ್ಚಿದರು. ಮಸೂರ ಕಣ್ಣಿಗೆ ಹಿಡಿದು ಕಚ್ಚಿನ ಆ ಅಂಚು, ಈ ಅಂಚು, ಮೇಲೆ, ಕೆಳಗೆ ನೋಡಿದರು. ರೈಫಲ್ ತಿರುಗಿಸಿ ಕಿಟಕಿಯ ಬಳಿ ಒಯ್ದು ಮತ್ತೆ ನೋಡಿದರು.

"ಗೀರಿಲ್ಲ" ಅಂದರು.

ದೊಡ್ಡಮ್ಮ ಕೈ ಒರೆಸಿಕೊಂಡಳು.

"ಆದ್ರೆ ನಿಯಮ ಮೀರಿದ್ದೀರಿ. ಕಾರಣ ಹೇಳದೆ ಸರಿ ಬಂದ್ರೆ ಅದು ಅದೃಷ್ಟ. ಅದೃಷ್ಟಕ್ಕೆ ನಾನು ಸಹಿ ಹಾಕೋಕೆ ಆಗಲ್ಲಮ್ಮ."

ದೊಡ್ಡಮ್ಮ ಕೈ ಒರೆಸಿದ ಬಟ್ಟೆಯನ್ನು ಮಡಿಸಿದಳು, ಮಡಿಸಿದ್ದನ್ನು ಇನ್ನೊಮ್ಮೆ ಮಡಿಸಿದಳು.

"ಸಾರ್, ಪರೀಕ್ಷೆ ಮುಗೀತಲ್ಲ, ಈಗ ನಾನು ಮುಟ್ಟಬಹುದಾ?" ದೊಡ್ಡಪ್ಪ ಎದ್ದು ಬಂದು ಸೈಟನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ತಳ ನೋಡಿದರು. ತಾವು ಕೂಡಿಸಿದ ಪ್ರತಿಯೊಂದರ ತಳದಲ್ಲೂ ಮೂರು ಚುಕ್ಕಿ ಹೊಡೆಯುವುದು ಅವರ ಪದ್ಧತಿ. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಕೈ ಎಷ್ಟು ನಡುಗಿತೆಂದರೆ ಸೈಟು ಮೇಜಿನ ಮೇಲೆ ಬಿದ್ದು ಉರುಳಿತು.

"ಕಾರಣ ನಾನು ಹೇಳ್ತೀನಿ, ಬರ್ಕೊಳ್ಳಿ" ಅಂದರು. "ಇದು ನನ್ನ ಚುಕ್ಕಿ. ತಪ್ಪು ಕಡೆ ಅರ ಹಾಕಿ ಎಡದಿಂದ ತುರುಕಿದವನು ನಾನು. ನನ್ನ ಮಾತು ಕೇಳಿ ಎಡದಿಂದ ಹೊಡೆದಿದ್ರೆ ಕಚ್ಚು ಕಿತ್ಕೊಂಡು ಬರ್ತಿತ್ತು. ಇವಳಿಗೆ ಗೊತ್ತಿತ್ತು. ನಿಮ್ಮ ಮುಂದೆ ನನ್ನ ಮಾನ ಹೋಗಬಾರದು ಅಂತ ಬಾಯಿ ಮುಚ್ಕೊಂಡ್ಲು."

ಪರೀಕ್ಷಕರು ದೊಡ್ಡಮ್ಮನ ಕಡೆ ತಿರುಗಿದರು. "ಹೌದಾ ಅಮ್ಮಾ? ಹೇಗೆ ಗೊತ್ತಾಯ್ತು?"

ದೊಡ್ಡಮ್ಮ ವರ್ನಿಯರನ್ನು ಅವರ ಮುಂದೆ ಸರಿಸಿದಳು. ಸೈಟಿನ ಎರಡೂ ತುದಿ ಅಳೆದು ತೋರಿಸಿದಳು. ಆಮೇಲೆ ನಳಿಗೆಯ ಮೇಲೆ ಆ ಅಂಗುಲದಷ್ಟು ಜಾಗಕ್ಕೆ ಬೆರಳಿಟ್ಟಳು. "ಇವರ ಕೈ ಜಾರಿದ ಕಡೆಯೆಲ್ಲ ನನ್ನ ಕೈ ಓಡಾಡಿದೆ ಸಾರ್, ಮೂವತ್ತೊಂದು ವರ್ಷ. ಎಲ್ಲಿ ಜಾರುತ್ತೆ, ಯಾಕೆ ಜಾರುತ್ತೆ ಅನ್ನೋದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?"

"ಅಂಥವು ಎಷ್ಟಿವೆಯೇ?" ದೊಡ್ಡಪ್ಪನ ದನಿ ಸಣ್ಣಗಿತ್ತು.

"ಎಣಿಸಿಲ್ಲ. ಎಣಿಸ್ತಾ ಕೂತಿದ್ರೆ ಸಂಸಾರ ನಡೀತಿತ್ತಾ?"

ಪರೀಕ್ಷಕರು ನಗು ತಡೆದುಕೊಂಡು ಮಸೂರವನ್ನು ಆ ಜಾಗಕ್ಕೆ ಹಿಡಿದರು. ಹತ್ತಿರ ಹಿಡಿದರು, ದೂರ ಹಿಡಿದರು. "ಇಪ್ಪತ್ತು ವರ್ಷದಿಂದ ಈ ರೈಫಲ್ ನಮ್ಮ ಕ್ಲಬ್ಬಲ್ಲೇ ಇದೆ. ವರ್ಷಕ್ಕೆರಡು ಸಲ ಇದನ್ನ ನಾನೇ ನೋಡ್ತೀನಿ. ಇಲ್ಲಿ ಗೀರಿತ್ತು ಅಂತ ನನಗೇ ಗೊತ್ತಿಲ್ವಲ್ಲಮ್ಮ!"

"ಗೊತ್ತಾಗಬಾರದು ಅಂತಲೇ ಉಜ್ಜಿದ್ದು ಸಾರ್."

ಅವರು ಕಾಗದದ ಮೇಲೆ ಮೊದಲು ಬರೆದಿದ್ದ ಸಾಲನ್ನು ಉದ್ದಕ್ಕೆ ಹೊಡೆದುಹಾಕಿದರು. ಕೆಳಗೆ ಸಹಿ ಮಾಡಿದರು. ಎದ್ದು ನಿಂತು, ಮಸೂರ ಅಂಗಿಯ ಜೇಬಿಗೆ ಸೇರಿಸಿ, ಎರಡೂ ಕೈಯಿಂದ ಕಾಗದವನ್ನು ದೊಡ್ಡಮ್ಮನಿಗೆ ಕೊಟ್ಟರು. ಅವಳು ಅದನ್ನು ಎಣ್ಣೆಯ ಕೈಯಲ್ಲಿ ಮುಟ್ಟಲಿಲ್ಲ. ಸೆರಗಿನ ತುದಿಯಲ್ಲಿ ಹಿಡಿದಳು. ಹೊಸ ಸೈಟು ಹಾಕಲು ಆಗಲೇ ರೈಫಲ್ಲನ್ನು ಮತ್ತೆ ವೈಸಿಗೆ ಕೊಟ್ಟಳು. ಈ ಸಲ ಸೈಟು ಒಳಗೆ ಹೋದದ್ದು ಬಲಗಡೆಯಿಂದ.

ಈಗ ಅಂಗಡಿಯಲ್ಲಿ ಕೋಣೆಗಳು ಅದಲುಬದಲಾಗಿವೆ. ಉಜ್ಜುವ ಕೆಲಸಕ್ಕೆ ನಡುಗುವ ಕೈಯೇ ವಾಸಿ, ಅರ್ಧ ಶ್ರಮ ಉಳಿಯುತ್ತದೆ ಅಂತ ದೊಡ್ಡಪ್ಪನ ಹೊಸ ಹಾಸ್ಯ. ಹಿಂದಿನ ಕೋಣೆಯ ಗವಾಕ್ಷಿ ಸಾಲದು ಎಂದು ಗೊಣಗಿ, ಒಂದೇ ವಾರದಲ್ಲಿ ಅಲ್ಲಿಗೊಂದು ಕಿಟಕಿ ಇಡಿಸಿಕೊಂಡರು. ದೊಡ್ಡಮ್ಮ ಮೂವತ್ತೊಂದು ವರ್ಷ ಕೇಳದ ಕಿಟಕಿ ಅದು. ಅದನ್ನವಳು ಆಡಿ ತೋರಿಸಲಿಲ್ಲ. ಕಿಟಕಿಗೆ ಪರದೆ ಮಾತ್ರ ಹೊಲಿದುಕೊಟ್ಟಳು.

ಮೊನ್ನೆ ಪಕ್ಕದೂರಿನ ಗಿರಾಕಿಯೊಬ್ಬರು ಬಂದೂಕಿನ ಚೀಲ ಹೆಗಲಿಗೇರಿಸಿಕೊಂಡು ಬಂದರು. ಮೇಜಿನ ಹಿಂದೆ ನಿಂತ ಹೆಂಗಸನ್ನು ನೋಡಿ, ಅವಳ ಭುಜದಾಚೆ ಕಣ್ಣು ಹಾಯಿಸಿದರು.

"ಯಜಮಾನ್ರು ಇಲ್ವಾ ಅಮ್ಮಾ?"

"ಇದಾರೆ. ಹಿಂದೆ ಉಜ್ತಾ ಇದಾರೆ" ಅಂದಳು ದೊಡ್ಡಮ್ಮ, ಕೈಚಾಚಿ ಚೀಲ ಇಸಿದುಕೊಳ್ಳುತ್ತ. "ಏನಾಗಬೇಕಿತ್ತು, ನನಗೆ ಹೇಳಿ."