ಗಿಣ್ಣ ಬರದ ವರ್ಷ

ಮೊನ್ನೆ ಬಾಜು ಮನೆಯಿಂದ ಗಿಣ್ಣದ ವಾಸನೆ ಬಂತು. ಬೆಲ್ಲ ಕರಗಿ, ಏಲಕ್ಕಿ ಬೆರೆತು, ಈದ ಎಮ್ಮೆಯ ಮೊದಲ ಹಾಲು ಉಗಿಯಲ್ಲಿ ಗಟ್ಟಿಯಾಗುವಾಗ ಬರುವ ಆ ಬೆಚ್ಚನೆಯ ಕಂಪು. ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದೆ. ಯಾರ ಎಮ್ಮೆ ಈದಿದೆ ಎಂದು ಕೇಳಿದರೆ ಆ ಮನೆಯ ಸೊಸೆ ನಕ್ಕು ಒಂದು ಪೊಟ್ಟಣ ತೋರಿಸಿದಳು. ಗಿಣ್ಣದ ಪುಡಿಯಂತೆ, ಅಂಗಡಿಯಲ್ಲಿ ಸಿಗುತ್ತದಂತೆ. ಎಮ್ಮೆ ಬೇಡ, ಕರು ಬೇಡ, ಕೊಡುವವರು ಬೇಡ, ಇಸಿದುಕೊಳ್ಳುವವರೂ ಬೇಡ. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಪಾಪ, ಅವಳಿಗೇನು ಗೊತ್ತು. ಎಪ್ಪತ್ತರ ದಶಕದಲ್ಲಿ ದುಮ್ಮವಾಡದ ನಮ್ಮ ಓಣಿಯಲ್ಲಿ ಎದುರುಬದುರು ಬಾಳಿದ ಇಬ್ಬರು ಗಂಡಸರ ಮೇಲೆ. ಅದು ಹಳೆಯ ಸಿಟ್ಟು, ಇನ್ನೂ ಆರಿಲ್ಲ.

ಒಬ್ಬ ನನ್ನ ಅಪ್ಪನ ತಮ್ಮ, ಈರಪ್ಪ ಕಾಕಾ. ಇನ್ನೊಬ್ಬ ಎದುರು ಮನೆಯ ಬಸವಣ್ಣೆಪ್ಪ ಮಾವ, ಕಾಕಾನ ಜೀವದ ಗೆಳೆಯ. ನಮಗೂ ಅವರಿಗೂ ನಡುವೆ ಒಂದು ಚಕ್ಕಡಿ ಹೋಗುವಷ್ಟೇ ದಾರಿ. ಚಿಕ್ಕಂದಿನಲ್ಲಿ ಒಂದೇ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು, ದೊಡ್ಡವರಾದ ಮೇಲೂ ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ಒಂದೇ ಚಂಚಿಯಿಂದ ಎಲೆ ಅಡಿಕೆ ಹಾಕುತ್ತ ಕೂಡುತ್ತಿದ್ದರು. ಕಾಕಾನ ಕೈಯಲ್ಲಿ ಒಂದು ವಿದ್ಯೆ ಇತ್ತು. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿ ಆಕಳೋ ಎಮ್ಮೆಯೋ ಒದ್ದಾಡುವಾಗ ಊರಿನವರು ಅವನನ್ನೇ ಕರೆಯುತ್ತಿದ್ದರು. ಕಾಕಾ ಉಣ್ಣುತ್ತಿದ್ದ ತಾಟು ಬಿಟ್ಟು ಏಳುತ್ತಿದ್ದ, ಮೊಣಕೈವರೆಗೆ ಕುಸುಬೆ ಎಣ್ಣೆ ಸವರಿಕೊಳ್ಳುತ್ತಿದ್ದ, ದನದ ಕಿವಿಯಲ್ಲಿ ಏನೋ ಗುನುಗುತ್ತ ಒಳಗೆ ಕೈ ಹಾಕಿ ಕರುವನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಅದಕ್ಕೆ ಯಾರ ಹತ್ತಿರವೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕೂಲಿ ಮುಟ್ಟಿದರೆ ಕೈಗುಣ ಹೋಗುತ್ತದೆ ಎಂಬುದು ನಮ್ಮ ಆಯಿ, ಅಂದರೆ ಕಾಕಾನ ತಾಯಿ, ಕಟ್ಟಿದ ಕಟ್ಟಳೆ. ಆದರೆ ಆ ಮನೆಯಿಂದ ಗಿಣ್ಣ ಬರಲೇಬೇಕು. ಓಣಿಯ ಎಲ್ಲ ಮನೆಗೂ ಹೋಗುವ ಗಿಣ್ಣವೇ ನಮಗೂ, ಆದರೆ ಮೊದಲ ಬಟ್ಟಲು ನಮಗೆ. ಆಯಿ ಅದನ್ನು ದೇವರ ಮುಂದಿಟ್ಟು, ನಮ್ಮ ಅಂಗೈಗೆ ಒಂದೊಂದು ತುಣುಕು ಹಾಕಿ, ಬಟ್ಟಲಿಗೆ ಬೆಲ್ಲದ ಹರಳು ಹಾಕಿ ತಿರುಗಿ ಕಳಿಸುತ್ತಿದ್ದಳು. ಅಲ್ಲಿಗೆ ಯಾರೂ ಯಾರಿಗೂ ಏನೂ ತೀರಿಸಿದಂತೆ ಆಗುತ್ತಿರಲಿಲ್ಲ. ಅದೇ ಅದರ ಚಂದ.

ಒಂದು ವರ್ಷ ಬಸವಣ್ಣೆಪ್ಪ ಮಾವನ ಎಮ್ಮೆಗೆ ಆ ಸಂಕಟ ಬಂತು. ಮನೆಯ ಹೈನೆಲ್ಲ ಅದರ ಮೇಲೆ. ಕಾಕಾ ಮುಂಜಾನೆ ಹೋದವನು ಬಿಸಿಲೇರುವ ಹೊತ್ತಿಗೆ ತಾಯಿ ಕರು ಎರಡನ್ನೂ ಉಳಿಸಿ ಬಂದ. ಹೊರಳಾಡುವ ಎಮ್ಮೆಯಿಂದ ಒದೆಸಿಕೊಂಡು ಭುಜ ಬಾತಿತ್ತು, ಆದರೂ ಮುಖದಲ್ಲಿ ನಗು. ಮರುದಿನ ಓಣಿಯಲ್ಲೆಲ್ಲ ಗಿಣ್ಣದ ವಾಸನೆ. ಎಡಗಡೆ ಮನೆಗೆ ಹೋಯಿತು, ಬಲಗಡೆ ಮನೆಗೆ ಹೋಯಿತು. ನಮ್ಮ ಮನೆಗೆ ಬಂದದ್ದು ಅವರ ಆಳು, ಹೆಗಲ ಮೇಲೆ ಜೋಳದ ಚೀಲ, ಕಂಕುಳಲ್ಲಿ ಹೊಸ ಧೋತರದ ಜೋಡಿ. "ಸಾವಕಾರ್ರು ಕೊಟ್ಟ ಬಾ ಅಂದಾರ್ರಿ. ಎಮ್ಮಿ ಕೆಲಸಕ್ಕಂತ್ರಿ," ಎಂದ.

ಕಾಕಾ ಚೀಲದ ಕಡೆ ನೋಡಲಿಲ್ಲ, ಆಳಿನ ಕೈಗಳ ಕಡೆ ನೋಡಿದ. ಬಟ್ಟಲು ಇರಲಿಲ್ಲ. "ಹೊತ್ಕೊಂಡ ಹೋಗಪಾ. ನಾ ಕೂಲಿಗೆ ಹೋಗಿದ್ದಿಲ್ಲಂತ ಹೇಳು," ಎಂದ.

ಬಸವಣ್ಣೆಪ್ಪ ಮಾವ ಕೆಟ್ಟ ಮನುಷ್ಯನಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಎಷ್ಟೋ ವರ್ಷದ ಮೇಲೆ ಅವನ ಹೆಂಡತಿ ಶಾಂತವ್ವ ನನಗೆ ಹೇಳಿದಳು: ಇಷ್ಟು ದೊಡ್ಡ ಉಪಕಾರಕ್ಕೆ ಎಲ್ಲರಿಗೂ ಕೊಡುವ ಒಂದು ಬಟ್ಟಲು ಗಿಣ್ಣ ಕೊಟ್ಟರೆ ಗೆಳೆಯನ ಮರ್ಯಾದೆ ಕಡಿಮೆ ಮಾಡಿದಂತೆ ಎಂದು ಅವನಿಗೆ ಅನಿಸಿತ್ತಂತೆ. ಅದಕ್ಕೆ ಒಳ್ಳೆಯ ಜೋಳವನ್ನೇ ಆರಿಸಿ ತುಂಬಿಸಿದ್ದನಂತೆ. ಚೀಲ ತಿರುಗಿ ಬಂದಾಗ, "ನಮ್ಮನಿ ಜೋಳ ಅವಂಗ ಬ್ಯಾಡಾತೇನು?" ಎಂದು ಉಣ್ಣದೇ ಎದ್ದನಂತೆ. ದಾರಿ ದಾಟಿ ಬಂದು ಇದನ್ನೇ ಕಾಕಾನ ಮುಂದೆ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಅಥವಾ ನಮ್ಮ ಕಾಕಾ, "ನನ್ನ ಗಿಣ್ಣ ಎಲ್ಲಿ ಐತಲೇ?" ಎಂದು ಗದರಿದ್ದರೆ? ಕುಸ್ತಿಯಲ್ಲಿ ಒಬ್ಬರನ್ನೊಬ್ಬರು ಮಣ್ಣು ಮುಕ್ಕಿಸಿದವರಿಗೆ ಒಂದು ಮಾತು ಆಡಲು ಬಾಯಿ ಬರಲಿಲ್ಲ. ಕಟ್ಟೆ ಬರಿದಾಯಿತು. ಸಂಜೆ ಕಾಕಾ ಒಬ್ಬನೇ ಎಲೆ ಹಾಕಿಕೊಳ್ಳುವುದನ್ನು ನೋಡಿ ಆಯಿ ಗೊಣಗುತ್ತಿದ್ದಳು.

ಮುಂದಿನ ಬೇಸಿಗೆ. ಮಧ್ಯಾಹ್ನ ನಾನು ಆಯಿಯ ಜೊತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದೆ. ಎದುರು ಮನೆಯ ಆಕಳು ಒದರತೊಡಗಿತು. ಅದು ಎಂಥ ಒದರಾಟ ಎಂದು ನಮ್ಮ ಮನೆಯವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಾಕಾ ಎದ್ದು ಬಂದು ಹೊಸ್ತಿಲ ಮೇಲೆ ನಿಂತ.

"ಹೋಗೋ ಈರಪ್ಪಾ," ಎಂದಳು ಆಯಿ, "ಮೂಕ ಪ್ರಾಣಿ ನಿನಗೇನ ಮಾಡೇತಿ?"

"ಕರೀಲಿ, ಯವ್ವಾ. ಕರದ್ರ ಹೋಗ್ತೀನಿ."

ಅಲ್ಲಿ ಬಸವಣ್ಣೆಪ್ಪ ಮಾವನೂ ತನ್ನ ಹೊಸ್ತಿಲ ಮೇಲೆ ಬಂದು ನಿಂತಿದ್ದ. ಶಾಂತವ್ವ ಒಳಗಿನಿಂದ ಅಳುತ್ತ ಬೇಡಿಕೊಳ್ಳುತ್ತಿದ್ದಳು. ಕೊಟ್ಟದ್ದನ್ನು ತಿರುಗಿ ಕಳಿಸಿದವನನ್ನು ಯಾವ ಮುಖದಿಂದ ಕರೆಯಲಿ ಎಂದು ಅವನ ಹಟ. ಮಗನನ್ನು ಸೈಕಲ್ ಮೇಲೆ ಕಲಘಟಗಿಗೆ, ದನದ ಡಾಕ್ಟರನ್ನು ಕರೆತರಲು ಓಡಿಸಿದ್ದ. ಇಬ್ಬರೂ ನೆಲ ನೋಡುತ್ತ ನಿಂತರು. ಆಯಿ ಮೊದಲು ಬೇಡಿದಳು, ಆಮೇಲೆ ಬೈದಳು, ಕೊನೆಗೆ ಶೇಂಗಾದ ಮೊರ ದೂಡಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬರಬರುತ್ತ ಆಕಳ ದನಿ ಕುಗ್ಗಿತು. ಆಮೇಲೆ ನಿಂತಿತು.

ಆಗ ಕಾಕಾ ಯಾರೂ ಕರೆಯದಿದ್ದರೂ ಹೋದ. ಬಸವಣ್ಣೆಪ್ಪ ಮಾವ ಬಾಗಿಲು ಬಿಟ್ಟು ಸರಿದು ನಿಂತ. ನಾನೂ ಹಿಂದೆಯೇ ಓಡಿದೆ. ಕಾಕಾ ಆಕಳ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೊರಳ ಕೆಳಗಿನ ಗಂಗೆದೊಗಲು ನೇವರಿಸಿದ. ಅದರ ಕಣ್ಣು ತೆರೆದೇ ಇತ್ತು.

"ಕರೀಬೇಕಿತ್ತಲೇ, ಬಸ್ಯಾ," ಎಂದ.

"ನೀ ಬರಬೇಕಿತ್ತಲೇ," ಎಂದ ಬಸವಣ್ಣೆಪ್ಪ ಮಾವ.

ಅದಾದ ಮೇಲೆ ಅವರು ಮಾತಾಡಿದರು, ಮದುವೆ ಮುಂಜಿಗೆ ಹೋಗಿ ಬಂದು ಮಾಡಿದರು, ಆದರೆ ಜೊತೆಯಾಗಿ ಕಟ್ಟೆಯ ಮೇಲೆ ಕೂತದ್ದನ್ನು ನಾನು ಕಾಣೆ. ಕಾಕಾ ಮೊದಲು ಹೋದ, ಬೆನ್ನಿಗೇ ಬಸವಣ್ಣೆಪ್ಪ ಮಾವ. ಮಾವನ ಮನೆ ಬಿದ್ದು, ಗೋದಲಿ ಇದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಅವರನ್ನು ಒಂದು ಸಲ ಎದುರಿಗೆ ಕೂಡಿಸಿಕೊಂಡು ಬಾಯ್ತುಂಬ ಬೈಯಬೇಕೆಂದು ಎಷ್ಟು ವರ್ಷ ಅಂದುಕೊಂಡೆ. ಚಿಕ್ಕವಳಿದ್ದಾಗ ಧೈರ್ಯ ಇರಲಿಲ್ಲ. ಧೈರ್ಯ ಬಂದ ಮೇಲೆ ಇಬ್ಬರೂ ಇಲ್ಲ.